ಗಡಿಯಾರವಿಲ್ಲದ ಮೆದುಳು ಮಗ್ಗದ ತಾಳ ತಪ್ಪಿದ್ದನ್ನು ಹೇಗೆ ಅರಿಯುತ್ತದೆ?

ಪ್ರಶ್ನೆ: ನಾನು ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ನೇಕಾರರ ಮನೆ. ನನ್ನ ತಂದೆಯವರು ಪಡಸಾಲೆಯಲ್ಲಿ ಬಂದವರೊಡನೆ ಮಾತನಾಡುತ್ತ ಕುಳಿತಿದ್ದಾಗಲೂ, ಒಳಗೆ ಅಣ್ಣ ನೇಯುತ್ತಿರುವ ಕುಣಿಮಗ್ಗದ ಸದ್ದು ಕೊಂಚ ಬದಲಾದರೆ ಸಾಕು, 'ಎಳಿ ಹರದೈತಿ ನೋಡೋ' ಎಂದು ಕೂಗುತ್ತಾರೆ. ಹೋಗಿ ನೋಡಿದರೆ ಹಾಸಿನ ಎಳೆ ಹರಿದೇ ಇರುತ್ತದೆ. ನರದ ಸಂಕೇತಗಳೆಲ್ಲ ಒಂದೇ ಗಾತ್ರದವು, ಅವುಗಳಲ್ಲಿ ಸಣ್ಣದು ದೊಡ್ಡದು ಎಂಬುದಿಲ್ಲ ಎಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ಹಾಗಾದರೆ ಸುದ್ದಿ ಇರುವುದು ಅವು ಬರುವ ಹೊತ್ತಿನಲ್ಲಿ ಮಾತ್ರ. ಆ ಹೊತ್ತನ್ನು ಅಳೆಯಲು ಮೆದುಳಿನೊಳಗೆ ಗಡಿಯಾರ ಹಿಡಿದು ಕುಳಿತವರು ಯಾರು? ಇನ್ನೊಂದು ಮಾತು: ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಹದಿನೈದು ವರ್ಷ ದುಡಿದಿರುವ ನಮ್ಮ ಭಾವನವರಿಗೆ ಶ್ರವಣ ಪರೀಕ್ಷೆಯಲ್ಲಿ ದೋಷವಿಲ್ಲವೆಂದು ಬಂದಿದೆ; ಆದರೂ ಸಂತೆಯ ಗದ್ದಲದಲ್ಲಿ ಎದುರಿನವರ ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಗಡಿಯಾರ ಹಿಡಿದು ಕುಳಿತವರು ಯಾರೂ ಇಲ್ಲ. ಬೆಳಗಾವಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ವಿಜ್ಞಾನ ಕಲಿಸುತ್ತ ಬಂದಿರುವ ನನಗೆ ಈ ಪ್ರಶ್ನೆ ಇಷ್ಟು ನೇರವಾಗಿ ಎದುರಾದದ್ದು ಅಪರೂಪ, ಆದ್ದರಿಂದ ಉತ್ತರವನ್ನೂ ಮೊದಲಿಗೇ ನೇರವಾಗಿ ಹೇಳಿಬಿಡುತ್ತೇನೆ. ಒಂದು ನರಕೋಶಕ್ಕೆ ಚೆನ್ನಾಗಿ ತಿಳಿಯುವುದು ಒಂದೇ ಸಂಗತಿ: ತನ್ನ ಬಳಿಗೆ ಬಂದ ಸಂಕೇತಗಳು ಒಟ್ಟಿಗೆ ಬಂದವೋ ಇಲ್ಲವೋ ಎಂಬುದು. ಮೊದಲು ಬಂದದ್ದು ಯಾವುದು, ನಡುವಿನ ಅಂತರ ಎಷ್ಟು, ಎಷ್ಟು ಸಲ ಬಂತು ಎಂಬ ಉಳಿದ ಪ್ರಶ್ನೆಗಳನ್ನೆಲ್ಲ ನರಜಾಲವು ಈ ಒಂದು ಪ್ರಶ್ನೆಗೆ ಇಳಿಸಿಕೊಳ್ಳುತ್ತದೆ. ಮೊದಲು ಬಂದದ್ದನ್ನು ಎಲ್ಲೋ ಒಂದಿಷ್ಟು ಹೊತ್ತು ತಡೆದು ನಿಲ್ಲಿಸಿ, ಅನಂತರ ಬಂದದ್ದರ ಜೊತೆಗೆ ಅದನ್ನು ಕೂಡಿಸಿ, ಎರಡೂ ಒಂದೇ ಕ್ಷಣಕ್ಕೆ ಒಂದೇ ಕೋಶವನ್ನು ತಟ್ಟುವಂತೆ ಮಾಡುತ್ತದೆ. ತಡೆದು ನಿಲ್ಲಿಸುವ ಬಗೆಗಳು ಹಲವು, ಮತ್ತು ಈ ವಿಷಯದ ಸ್ವಾರಸ್ಯವೆಲ್ಲ ಆ ಬಗೆಗಳಲ್ಲಿದೆ.

ಅದಕ್ಕೆ ಮುನ್ನ ನಿಮ್ಮ ಪಾಠದ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಸಂಕೇತಗಳೆಲ್ಲ ಒಂದೇ ಗಾತ್ರದವು ಎಂಬುದು ಸರಿ. ನರತಂತುವಿನಲ್ಲಿ ಸಾಗುವ ಪ್ರತಿಯೊಂದು ಆವೇಗವೂ (ಇನ್ನು ಮುಂದೆ ಅದನ್ನು ಮಿಡಿತ ಎನ್ನುತ್ತೇನೆ) ಸುಮಾರು 100 ಮಿಲಿವೋಲ್ಟ್ ಏರಿ, ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡಿನಲ್ಲಿ ಇಳಿದುಬಿಡುತ್ತದೆ. ಕೇಂಬ್ರಿಜ್‌ನಲ್ಲಿ ಎಡ್ಗರ್ ಏಡ್ರಿಯನ್ ಅವರು ಝಾಟರ್‌ಮನ್ ಅವರ ಜೊತೆಗೂಡಿ 1926ರಲ್ಲಿ ಕಪ್ಪೆಯ ಸ್ನಾಯುವಿನಿಂದ ಹೊರಟ ಒಂದೇ ಒಂದು ಸಂವೇದನಾ ತಂತುವಿನ ಮಿಡಿತಗಳನ್ನು ದಾಖಲಿಸಿದಾಗ, ಸ್ನಾಯುವನ್ನು ಹೆಚ್ಚು ಜಗ್ಗಿದರೆ ಮಿಡಿತ ದೊಡ್ಡದಾಗುವುದಿಲ್ಲ, ಮೇಲಿಂದ ಮೇಲೆ ಬರುತ್ತದೆ ಎಂಬುದು ಸ್ಪಷ್ಟವಾಯಿತು. ಏಡ್ರಿಯನ್ ಅವರಿಗೆ 1932ರಲ್ಲಿ ಶೆರಿಂಗ್ಟನ್ ಅವರೊಡನೆ ನೊಬೆಲ್ ಬಹುಮಾನ ಬಂತು. ಆದರೆ ಸುದ್ದಿ ಇರುವುದು ಹೊತ್ತಿನಲ್ಲಿ ಮಾತ್ರ ಎಂಬ ನಿಮ್ಮ ಮುಂದಿನ ಹೆಜ್ಜೆ ಪೂರ್ತಿ ಸರಿಯಲ್ಲ. ಯಾವ ತಂತುವಿನಲ್ಲಿ ಬಂತು ಎಂಬುದೂ ಸುದ್ದಿಯೇ: ಕಣ್ಣಿನ ನರವನ್ನು ಹೇಗೆ ಕೆಣಕಿದರೂ ಬೆಳಕೇ ಕಾಣುತ್ತದೆ, ಸದ್ದು ಕೇಳುವುದಿಲ್ಲ. ಒಂದು ಸೆಕೆಂಡಿಗೆ ಎಷ್ಟು ಬಂತು ಎಂಬ ಒಟ್ಟು ಲೆಕ್ಕವೂ ಎಷ್ಟೋ ಕೆಲಸಗಳಿಗೆ ಸಾಕು. ಕೈಯಲ್ಲಿ ಹಿಡಿದ ಗಂಟಿನ ಭಾರ ತಿಳಿಯಲು ಮಿಲಿಸೆಕೆಂಡಿನ ನಿಖರತೆ ಬೇಕಿಲ್ಲ. ಮಿಡಿತಗಳ ನಡುವಿನ ಅಂತರವೇ ಅರ್ಥವಾಗಿರುವ ಕೆಲಸಗಳು ಬೇರೆ ಇವೆ. ಕಿವಿಯ ಕೆಲಸ ಅವುಗಳಲ್ಲಿ ಮುಖ್ಯವಾದದ್ದು, ಮತ್ತು ನಿಮ್ಮ ತಂದೆಯವರು ಮಾಡುತ್ತಿರುವುದು ಆ ಬಗೆಯ ಕೆಲಸ.

ಒಟ್ಟಿಗೆ ಬಂದದ್ದು ನರಕೋಶಕ್ಕೆ ಹೇಗೆ ತಿಳಿಯುತ್ತದೆ? ಹಿಂದೆ ನಮ್ಮ ಕಡೆ ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಆ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ತೂತಿನಿಂದ ನೀರು ಒಳಗೆ ಬಂದು, ತುಂಬಿ, 24 ನಿಮಿಷಕ್ಕೆ ಮುಳುಗುತ್ತಿತ್ತು. ಬಟ್ಟಲಿಗೆ ಎಣಿಸಲು ಬರುವುದಿಲ್ಲ, ಅದರೊಳಗೆ ಮುಳ್ಳಿಲ್ಲ, ಗಾಲಿಯಿಲ್ಲ. ತೂತು ಎಷ್ಟು ದೊಡ್ಡದು, ಬಟ್ಟಲು ಎಷ್ಟು ಆಳ ಎಂಬ ಎರಡು ಸಂಗತಿಗಳೇ ಅಲ್ಲಿ ಕಾಲವಾಗಿದ್ದವು. ನರಕೋಶವೂ ಅಂಥದೇ ತೂತಿನ ಪಾತ್ರೆ, ಆದರೆ ಅದರಲ್ಲಿ ಸೋರಿಕೆ ಹೊರಮುಖವಾಗಿರುತ್ತದೆ. ಸುಮ್ಮನಿರುವಾಗ ಕೋಶದ ಒಳಗಿನ ವಿದ್ಯುತ್ ಮಟ್ಟ ಸುಮಾರು ಮೈನಸ್ 70 ಮಿಲಿವೋಲ್ಟ್. ಅದು ಸುಮಾರು ಮೈನಸ್ 55ಕ್ಕೆ ಏರಿದರೆ ಕೋಶ ತಾನೂ ಒಂದು ಮಿಡಿತವನ್ನು ಹೊರಡಿಸುತ್ತದೆ. ಒಂದು ನರಸಂಧಿಯಿಂದ, ಅಂದರೆ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗದಿಂದ, ಬಂದ ಒಂದು ಮಿಡಿತ ಈ ಮಟ್ಟವನ್ನು ಸಾಮಾನ್ಯವಾಗಿ ಒಂದು ಮಿಲಿವೋಲ್ಟಿಗಿಂತಲೂ ಕಡಿಮೆ ಏರಿಸುತ್ತದೆ, ಮತ್ತು ಏರಿದ್ದು ಕೂಡಲೇ ಸೋರತೊಡಗುತ್ತದೆ. ಮೆದುಳಿನ ಹೊರಪದರದ ಕೋಶಗಳಲ್ಲಿ ಈ ಸೋರಿಕೆಗೆ ಸುಮಾರು 10ರಿಂದ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಹತ್ತಾರು ಮಿಡಿತಗಳು ಆ ಅವಧಿಯೊಳಗೆ ಕೂಡಿ ಬಂದರೆ ಪಾತ್ರೆ ತುಂಬುತ್ತದೆ. ಬಿಡಿಬಿಡಿಯಾಗಿ ಬಂದರೆ ಒಂದು ಬರುವಷ್ಟರಲ್ಲಿ ಹಿಂದಿನದು ಸೋರಿಹೋಗಿರುತ್ತದೆ. ಕಿವಿಯಿಂದ ಸುದ್ದಿ ತರುವ ಮೆದುಳುಕಾಂಡದ (ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಬುಡಭಾಗದ) ಕೆಲವು ಕೋಶಗಳಲ್ಲಿ ಸೋರಿಕೆ ಇನ್ನೂ ಬಿರುಸು, ಒಂದೆರಡು ಮಿಲಿಸೆಕೆಂಡಿಗಿಂತ ಹೆಚ್ಚಿಲ್ಲ. ಅವುಗಳ ಮಟ್ಟಿಗೆ 'ಒಟ್ಟಿಗೆ' ಎಂದರೆ ನಿಜಕ್ಕೂ ಒಟ್ಟಿಗೆ.

ಇನ್ನು ತಡೆದು ನಿಲ್ಲಿಸುವ ಬಗೆಗಳು. ಮೊದಲನೆಯದನ್ನು ನಿಮ್ಮ ತರಗತಿಯಲ್ಲೇ ಮಾಡಿ ತೋರಿಸಬಹುದು. ಹದಿನೈದು ಮಕ್ಕಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ. ಎಡತುದಿಯ ಮಗುವಿನಿಂದ ಒಂದು ತಟ್ಟು ಹೊರಟು, ಹೆಗಲಿಂದ ಹೆಗಲಿಗೆ ಬಲಕ್ಕೆ ಸಾಗಲಿ. ಬಲತುದಿಯಿಂದ ಇನ್ನೊಂದು ತಟ್ಟು ಎಡಕ್ಕೆ ಬರಲಿ. ಎರಡೂ ಹೆಗಲಿಗೆ ಏಕಕಾಲಕ್ಕೆ ತಟ್ಟು ಬಿದ್ದ ಮಗು ಕೈ ಎತ್ತಬೇಕು. ಎರಡೂ ತುದಿಗಳಲ್ಲಿ ಒಂದೇ ಹೊತ್ತಿಗೆ ಶುರುಮಾಡಿದರೆ ನಡುವಿನ ಮಗು ಕೈ ಎತ್ತುತ್ತದೆ. ಪ್ರತಿ ಮಗುವೂ ತಟ್ಟನ್ನು ದಾಟಿಸಲು ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಂಡು, ಎಡತುದಿಯಲ್ಲಿ ಒಂದು ಸೆಕೆಂಡ್ ಮೊದಲು ಶುರುಮಾಡಿದರೆ, ಕೈ ಎತ್ತುವ ಮಗು ನಡುವಿನಿಂದ ಬಲಕ್ಕೆ ಎರಡು ಸ್ಥಾನ ಸರಿದಿರುತ್ತದೆ. ಸಾಲಿನಲ್ಲಿ ಯಾರ ಕೈಯಲ್ಲೂ ಗಡಿಯಾರವಿಲ್ಲ. ಆದರೂ ಯಾರು ಕೈ ಎತ್ತಿದರು ಎಂದು ನೋಡಿದರೆ ಹೊತ್ತಿನ ಅಂತರ ಎಷ್ಟಿತ್ತು ಎಂಬುದು ತಿಳಿಯುತ್ತದೆ. ಕಾಲವು ಸ್ಥಳವಾಗಿ ಮಾರ್ಪಟ್ಟಿದೆ.

ಲಾಯ್ಡ್ ಜೆಫ್ರೆಸ್ ಎಂಬ ಅಮೆರಿಕದ ಮನೋವಿಜ್ಞಾನಿ 1948ರಲ್ಲಿ ಇದೇ ಏರ್ಪಾಡನ್ನು ಊಹಿಸಿದರು. ಎಡಗಡೆಯ ಸದ್ದು ಎಡಗಿವಿಗೆ ತುಸು ಮೊದಲು, ಬಲಗಿವಿಗೆ ತುಸು ತಡವಾಗಿ ತಲುಪುತ್ತದೆ. ಮನುಷ್ಯರ ತಲೆಯ ಗಾತ್ರಕ್ಕೆ ಈ ಅಂತರ ಹೆಚ್ಚೆಂದರೆ ಸುಮಾರು 700 ಮೈಕ್ರೋಸೆಕೆಂಡ್, ಅಂದರೆ ಒಂದು ಮಿಲಿಸೆಕೆಂಡಿನ ಮುಕ್ಕಾಲು ಪಾಲಿಗೂ ಕಡಿಮೆ. ಎರಡು ಕಿವಿಗಳಿಂದ ಬರುವ ತಂತುಗಳು ಎದುರುಬದುರಾಗಿ ಒಂದು ಸಾಲು ಕೋಶಗಳ ಉದ್ದಕ್ಕೂ ಸಾಗಿದರೆ, ಎರಡೂ ಕಡೆಯ ಮಿಡಿತಗಳು ಕೂಡುವ ಕೋಶವೇ ಸದ್ದಿನ ದಿಕ್ಕನ್ನು ಹೇಳುತ್ತದೆ ಎಂಬುದು ಅವರ ವಾದ. ಕೇವಲ ಕಾಗದದ ಮೇಲಿದ್ದ ಈ ಚಿತ್ರವು ನಾಲ್ಕು ದಶಕಗಳ ನಂತರ ಕಣಜ ಗೂಬೆಯ ಮೆದುಳಿನಲ್ಲಿ ಸಿಕ್ಕಿತು. ಕತ್ತಲಲ್ಲಿ ಬರೀ ಸದ್ದು ಕೇಳಿ ಇಲಿಯ ಮೇಲೆ ಎರಗುವ ಈ ಗೂಬೆಯ ಮೆದುಳುಕಾಂಡದಲ್ಲಿ ತಂತುಗಳು ಎರಡೂ ಬದಿಯಿಂದ ನುಗ್ಗಿ, ಕೋಶದಿಂದ ಕೋಶಕ್ಕೆ ಹಂತಹಂತವಾಗಿ ತಡವಾಗುತ್ತ ಸಾಗುವುದನ್ನು ಕ್ಯಾಥರಿನ್ ಕಾರ್ ಮತ್ತು ಮಸಕಾಜು ಕೊನಿಶಿ ತೋರಿಸಿಕೊಟ್ಟರು. ಒಂದು ಊಹೆ ಇಷ್ಟು ಯಥಾವತ್ತಾಗಿ ಜೀವಿಯೊಳಗೆ ಕಂಡುಬಂದ ಉದಾಹರಣೆ ನರವಿಜ್ಞಾನದಲ್ಲಿ ಹೆಚ್ಚಿಲ್ಲ, ಹಾಗಾಗಿ ಪ್ರತಿ ವರ್ಷ ಈ ಪಾಠ ಮಾಡುವಾಗಲೂ ನನಗೆ ಮೊದಲ ಸಲದ ಸಂತೋಷವೇ ಆಗುತ್ತದೆ. ಆದರೆ ಸಸ್ತನಿಗಳಲ್ಲಿ ಇದೇ ಸಾಲು ಇದೆ ಎಂದು ಪಠ್ಯಪುಸ್ತಕಗಳು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಬೆನೆಡಿಕ್ಟ್ ಗ್ರೋಥೆ ಮತ್ತಿತರರು ಮರುಭೂಮಿಯ ಇಲಿಗಳಂಥ ಸಣ್ಣ ಪ್ರಾಣಿಗಳಲ್ಲಿ ನಡೆಸಿದ ಅಧ್ಯಯನಗಳಲ್ಲಿ, ತಂತುವಿನ ಉದ್ದಕ್ಕಿಂತ ಹೆಚ್ಚಾಗಿ ಕ್ಷಣಮಾತ್ರದಲ್ಲಿ ಬಂದು ಕೋಶವನ್ನು ಅದುಮುವ ಪ್ರತಿಬಂಧಕ ಸಂಕೇತಗಳು ಈ ಕೆಲಸದಲ್ಲಿ ಕೈಯಾಡಿಸುವುದು ಕಂಡುಬಂದಿದೆ. ಕೂಡಿಬಂದದ್ದನ್ನು ಗುರುತಿಸುವ ತತ್ತ್ವ ಅಲ್ಲೂ ಇದೆ. ಹೊತ್ತನ್ನು ಸರಿಸುವ ಉಪಾಯ ಮಾತ್ರ ಬೇರೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ತಲೆಯೊಳಗಿನ ಅಂತರಗಳು ಮೈಕ್ರೋಸೆಕೆಂಡುಗಳವು, ಆದರೆ ಮಗ್ಗದ ಸದ್ದಿನ ಅಂತರಗಳು ಅಂಥವಲ್ಲ. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ನೀವು ಮಕ್ಕಳನ್ನು ಕರೆದೊಯ್ದಿದ್ದರೆ ಅಲ್ಲಿ ಚಪ್ಪಾಳೆ ತಟ್ಟಿ ನೋಡಿರುತ್ತೀರಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಗಾಗಿ ಎದುರಿನ ಗೋಡೆ ಮುಟ್ಟಲು ಅದಕ್ಕೆ 110 ಮಿಲಿಸೆಕೆಂಡಿನಷ್ಟು, ಮರಳಿ ಬರಲು ಮತ್ತೆ ಅಷ್ಟೇ ಬೇಕು. ಮಾತು, ತಾಳ, ಹೆಜ್ಜೆಯ ಸಪ್ಪಳ, ಮಗ್ಗದ ಬಡಿತ ಎಲ್ಲವೂ ಈ ಅಳತೆಯವು: ಹತ್ತರಿಂದ ಸಾವಿರ ಮಿಲಿಸೆಕೆಂಡ್. ಇಷ್ಟು ಹೊತ್ತನ್ನು ತಂತುವಿನ ಉದ್ದದಿಂದ ತುಂಬಿಕೊಡಲು ಆಗುವುದಿಲ್ಲ. ಸೆಕೆಂಡಿಗೆ ಒಂದು ಮೀಟರ್ ಸಾಗುವ ನಿಧಾನದ ತಂತುವನ್ನೇ ತೆಗೆದುಕೊಂಡರೂ 40 ಮಿಲಿಸೆಕೆಂಡ್ ತಡಮಾಡಿಸಲು 4 ಸೆಂಟಿಮೀಟರ್ ಉದ್ದ ಬೇಕು. ರಾತ್ರಿ ನಮ್ಮ ಹೊಲಗಳಲ್ಲಿ ಎರೆಮಣ್ಣಿನ ಬಿರುಕಿನಿಂದ ಕೂಗುವ ಕಪ್ಪು ಜೀರುಂಡೆಯ ಇಡೀ ಮೈ ಮೂರು ಸೆಂಟಿಮೀಟರ್ ಮೀರುವುದಿಲ್ಲ. ಆದರೂ ಅದು 40 ಮಿಲಿಸೆಕೆಂಡಿನ ಅಂತರವನ್ನು ತಪ್ಪದೆ ಗುರುತಿಸುತ್ತದೆ.

ಅದು ಹೇಗೆ ಎಂಬುದನ್ನು ಕೋಶಕೋಶವಾಗಿ ಬಿಡಿಸಿ ನೋಡಿದ ಕೆಲಸವೊಂದಿದೆ, ಮತ್ತು ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಫುಟವಾದ ಉತ್ತರ ನನಗೆ ಗೊತ್ತಿಲ್ಲ. ಎರಡು ಚುಕ್ಕೆಯ ಹೊಲದ ಜೀರುಂಡೆ ಎಂದು ಕರೆಯಬಹುದಾದ ಜಾತಿಯಲ್ಲಿ ಹಾಡುವುದು ಗಂಡು, ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ. ಕೇಳುವ ಕಿವಿ ಮುಂಗಾಲುಗಳಲ್ಲಿದೆ. ಹಾಡೆಂದರೆ ಕೆಲವು ಸಣ್ಣ ನಾದತುಣುಕುಗಳ ಗೊಂಚಲು. ಒಂದೊಂದು ತುಣುಕು ಸುಮಾರು 20 ಮಿಲಿಸೆಕೆಂಡ್, ನಡುವೆ ಹೆಚ್ಚುಕಡಿಮೆ ಅಷ್ಟೇ ಬಿಡುವು. ಅಂದರೆ ಒಂದರ ಆರಂಭದಿಂದ ಇನ್ನೊಂದರ ಆರಂಭಕ್ಕೆ ಸುಮಾರು 40 ಮಿಲಿಸೆಕೆಂಡ್. ಈ ಅಂತರ ತೀರ ಹೆಚ್ಚಿದರೂ ತೀರ ಕಡಿಮೆಯಾದರೂ ಹೆಣ್ಣು ಹತ್ತಿರ ಹೋಗುವುದಿಲ್ಲ. ಕೇಂಬ್ರಿಜ್‌ನಲ್ಲಿ ಸ್ಟೆಫಾನ್ ಶೋನೈಶ್, ಕಾನ್‌ಸ್ಟಾಂಟಿನೋಸ್ ಕೊಸ್ಟರಾಕೋಸ್ ಮತ್ತು ಬರ್ಟೋಲ್ಡ್ ಹೆಡ್‌ವಿಗ್ ಅವರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ತೀರ್ಪನ್ನು ಕೊಡುವುದು ಐದು ಬಗೆಯ ನರಕೋಶಗಳ ಒಂದು ಪುಟ್ಟ ಜಾಲ.

ಕಿವಿಯಿಂದ ಮೆದುಳಿಗೆ ಸುದ್ದಿ ತರುವ ಕೋಶವೊಂದು. ಅದನ್ನು ಓಲೆಕಾರ ಎನ್ನೋಣ. ಓಲೆಕಾರನು ಪ್ರತಿ ನಾದತುಣುಕಿಗೂ ಮಿಡಿತಗಳ ಒಂದು ಕಂತೆಯನ್ನು ತಂದು ಎರಡು ಕಡೆ ಒಪ್ಪಿಸುತ್ತಾನೆ. ಒಂದು ದಾರಿ ನೇರವಾಗಿ ಕೂಡುಕೋಶಕ್ಕೆ, ಅಂದರೆ ಎರಡು ಸುದ್ದಿ ಕೂಡಿಬಂದವೇ ಎಂದು ನೋಡುವ ಕೋಶಕ್ಕೆ. ಇನ್ನೊಂದು ದಾರಿ ಬಳಸುದಾರಿ: ಅಲ್ಲಿ ಮೊದಲು ಸಿಗುವ ಕೋಶ ಪ್ರತಿಬಂಧಕ, ಅದು ತನ್ನ ಮುಂದಿನ ಕೋಶವನ್ನು ಅದುಮಿ ಹಿಡಿಯುತ್ತದೆ. ಹಾಗೆ ಅದುಮಿಸಿಕೊಂಡ ಕೋಶದ ಗುಣ ವಿಶೇಷವಾದದ್ದು. ನಾದತುಣುಕು ಮುಗಿದು ಒತ್ತಡ ಸಡಿಲವಾದೊಡನೆ ಅದು ಮೊದಲಿದ್ದ ಮಟ್ಟಕ್ಕೆ ಬಂದು ಸುಮ್ಮನಾಗುವುದಿಲ್ಲ. ನೀರಿನಲ್ಲಿ ಅದುಮಿ ಬಿಟ್ಟ ಸೋರೆಬುರುಡೆಯಂತೆ ಮಟ್ಟಕ್ಕಿಂತ ಮೇಲೆ ಪುಟಿಯುತ್ತದೆ. ಈ ಪುಟಿತವೇ ತಡವಾಗಿ ಬಂದ ಓಲೆ. ಅದು ಕೂಡುಕೋಶವನ್ನು ತಲುಪುವ ಹೊತ್ತಿಗೆ ಸರಿಯಾಗಿ ಎರಡನೆಯ ನಾದತುಣುಕಿನ ಸುದ್ದಿ ನೇರದಾರಿಯಿಂದ ಅಲ್ಲಿಗೆ ಬಂದರೆ, ಎರಡೂ ಸೇರಿ ಕೂಡುಕೋಶ ಜೋರಾಗಿ ಮಿಡಿಯುತ್ತದೆ. ಎರಡನೆಯ ತುಣುಕು ಬೇಗ ಬಂದರೆ ಪುಟಿತ ಇನ್ನೂ ಆಗಿರುವುದಿಲ್ಲ. ತಡವಾಗಿ ಬಂದರೆ ಪುಟಿತ ಇಳಿದುಹೋಗಿರುತ್ತದೆ. ಐದನೆಯ ಕೋಶದ ಕೆಲಸ ಕಾವಲುಗಾರನದು. ಕೂಡುಕೋಶವು ಒಂಟಿ ತುಣುಕಿಗೂ ಅಲ್ಪಸ್ವಲ್ಪ ಮಿಡಿಯುತ್ತದೆಯಾದ್ದರಿಂದ, ಈ ಕೊನೆಯ ಕೋಶವು ಒಂದು ಕಡೆ ಕೂಡುಕೋಶದ ಪ್ರಚೋದನೆಯನ್ನೂ ಇನ್ನೊಂದು ಕಡೆ ಮೊದಲಿನ ಪ್ರತಿಬಂಧಕ ಕೋಶದ ಒತ್ತಡವನ್ನೂ ಪಡೆದು, ಬಲವಾದ ಸಂಕೇತ ಬಂದಾಗ ಮಾತ್ರ ಮಿಡಿಯುತ್ತದೆ. ಗೊಂಚಲಿನ ಮೊದಲ ತುಣುಕಿಗೆ ಅದು ಮೌನ, ಎರಡನೆಯದರಿಂದ ಮಾತು. ಇಲ್ಲಿ 40 ಮಿಲಿಸೆಕೆಂಡ್ ಎಂಬ ಅಂಕಿ ಎಲ್ಲೂ ಬರೆದಿಟ್ಟಿಲ್ಲ. ಗಳಿಗೆ ಬಟ್ಟಲಿನ ತೂತಿನಂತೆ, ಒಂದು ಕೋಶದ ಪೊರೆ ಅದುಮಿದ ಮೇಲೆ ಪುಟಿಯಲು ತೆಗೆದುಕೊಳ್ಳುವ ಹೊತ್ತೇ ಆ ಅಂಕಿ.

ಅಂತರವಲ್ಲದೆ ಸರದಿಯೂ ಮುಖ್ಯವಾಗುವ ಸಂದರ್ಭಗಳಿವೆ; 'ಟಕ್ ಧಪ್' ಬೇರೆ, 'ಧಪ್ ಟಕ್' ಬೇರೆ. ಇದಕ್ಕೆ ಇಡೀ ಜಾಲವೂ ಬೇಕಿಲ್ಲ, ಒಂದೇ ಕೋಶದ ಒಂದೇ ಕವಲು ಸಾಕಾಗಬಹುದು. ನರಕೋಶವು ಮರದಂತೆ ಕವಲೊಡೆದಿರುತ್ತದೆ, ಸಂಕೇತಗಳು ಆ ಕವಲುಗಳ ಉದ್ದಕ್ಕೂ ಬೇರೆ ಬೇರೆ ಕಡೆ ಬಂದು ಸೇರುತ್ತವೆ. ತುದಿಯಲ್ಲಿ ಸೇರಿದ ಸಂಕೇತ ಬುಡಕ್ಕೆ ಬರಲು ಹೊತ್ತು ಬೇಕು, ಬುಡದಲ್ಲಿ ಸೇರಿದ್ದಕ್ಕೆ ಬೇಡ. ಆದ್ದರಿಂದ ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ ಎಂಬ ಸರದಿಯಲ್ಲಿ ಸಂಕೇತಗಳು ಬಂದರೆ ಅವೆಲ್ಲ ಬುಡದಲ್ಲಿ ಒಟ್ಟುಗೂಡುತ್ತವೆ. ಸರದಿ ತಿರುಗಿದರೆ ಚದುರಿಹೋಗುತ್ತವೆ. ವಿಲ್ಫ್ರಿಡ್ ರಾಲ್ ಅವರು 1964ರಲ್ಲಿಯೇ ಗಣಿತದಿಂದ ಇದನ್ನು ತೋರಿಸಿದ್ದರು. ಟಿಯಾಗೊ ಬ್ರಾಂಕೊ, ಬೆವರ್ಲಿ ಕ್ಲಾರ್ಕ್ ಮತ್ತು ಮೈಕೆಲ್ ಹೌಸರ್ ಅವರು 2010ರಲ್ಲಿ ಮೆದುಳಿನ ಹೊರಪದರದ ಕೋಶಗಳ ಒಂದೊಂದೇ ಕವಲಿನ ಮೇಲೆ ಲೇಸರ್ ಬೆಳಕಿನಿಂದ ಬೇಕಾದ ಸರದಿಯಲ್ಲಿ ಪ್ರಚೋದನೆ ಕೊಟ್ಟು ಅದನ್ನು ಕಣ್ಣಾರೆ ಕಾಣಿಸಿದರು: ತುದಿಯಿಂದ ಬುಡದ ಕಡೆಗೆ ಬಂದ ಸರದಿಗೆ ಕೋಶದ ಪ್ರತಿಕ್ರಿಯೆ ಹೆಚ್ಚು, ಬುಡದಿಂದ ತುದಿಯ ಕಡೆಗೆ ಹೋದದ್ದಕ್ಕೆ ಕಡಿಮೆ.

ಎಣಿಸುವ ಕೋಶಗಳೂ ಇವೆ. ಗ್ಯಾರಿ ರೋಸ್ ಅವರ ತಂಡ 2002ರಲ್ಲಿ ಕಪ್ಪೆಗಳ ನಡುಮೆದುಳಿನಲ್ಲಿ ವರದಿ ಮಾಡಿದ ಕೋಶಗಳು, ಸರಿಯಾದ ಅಂತರದಲ್ಲಿ ಇಂತಿಷ್ಟು ನಾದತುಣುಕುಗಳು ಬರುವವರೆಗೆ ಸುಮ್ಮನಿರುತ್ತವೆ. ನಡುವೆ ಒಂದೇ ಒಂದು ಅಂತರ ತಪ್ಪಿದರೂ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಜೀರುಂಡೆಯದೂ ಕಪ್ಪೆಯದೂ ಹುಟ್ಟಿನಿಂದ ಬಂದ ಏರ್ಪಾಡು. ಇಳಕಲ್ ಸೀರೆಯ ಮಗ್ಗದ ಸದ್ದನ್ನು ಗುರುತಿಸುವ ಜಾಲವನ್ನು ಯಾರೂ ಹುಟ್ಟುವಾಗ ಹೊತ್ತು ತರುವುದಿಲ್ಲ. ನಿಮ್ಮ ತಂದೆಯವರ ಮೆದುಳು ಅದನ್ನು ಕಲಿತಿದೆ, ಮತ್ತು ಕಲಿಕೆಯೂ ಹೊತ್ತಿನ ಮೇಲೆಯೇ ನಿಂತಿದೆ. ಹೆನ್ರಿ ಮಾರ್ಕ್ರಂ ಮತ್ತು ಸಂಗಡಿಗರು 1997ರಲ್ಲಿ, ಗುವೊಚಿಯಾಂಗ್ ಬಿ ಮತ್ತು ಮುಮಿಂಗ್ ಪೂ 1998ರಲ್ಲಿ ತೋರಿಸಿದಂತೆ, ಒಂದು ನರಸಂಧಿಯಲ್ಲಿ ಸುದ್ದಿ ಕೊಡುವ ಕೋಶದ ಮಿಡಿತವು ಸುದ್ದಿ ಪಡೆಯುವ ಕೋಶದ ಮಿಡಿತಕ್ಕಿಂತ ಸ್ವಲ್ಪ ಮೊದಲು, ಅಂದರೆ ಸುಮಾರು 20 ಮಿಲಿಸೆಕೆಂಡಿನೊಳಗೆ, ಬರುವುದು ಮತ್ತೆ ಮತ್ತೆ ನಡೆದರೆ ಆ ಸಂಧಿ ಬಲಗೊಳ್ಳುತ್ತದೆ. ನಂತರ ಬರುವುದು ಮತ್ತೆ ಮತ್ತೆ ನಡೆದರೆ ದುರ್ಬಲವಾಗುತ್ತದೆ. ಮೆದುಳಿನ ಹೊರಪದರದಲ್ಲಿ ಒಂದೊಂದು ಕೋಶಕ್ಕೂ ಸಾವಿರಾರು ಸಂಧಿಗಳಿವೆ, ಅವುಗಳಿಗೆ ಬರುವ ದಾರಿಗಳ ತಡವೂ ಬೇರೆ ಬೇರೆ. ಲಾಳಿ ಓಡಿದ ಸದ್ದಿನ ಸುದ್ದಿಯನ್ನು ಸರಿಯಾದಷ್ಟು ತಡಮಾಡಿ, ಹಣಿಗೆಯ ಬಡಿತದ ಸುದ್ದಿಯೊಂದಿಗೆ ಕೂಡಿಸಿಕೊಡುವ ದಾರಿಗಳು ದಿನಕ್ಕೆ ಸಾವಿರಾರು ಸಲದಂತೆ, ವರ್ಷಗಟ್ಟಲೆ ಬಲಗೊಳ್ಳುತ್ತ ಹೋದರೆ, ಬೇಡದ ದಾರಿಗಳು ತಾವಾಗಿ ಸೊರಗುತ್ತವೆ. ಹೊಸದಾಗಿ ತಡವನ್ನು ಸೃಷ್ಟಿಸುವ ಅಗತ್ಯವಿಲ್ಲ; ಇರುವ ಸಾವಿರಾರು ತಡಗಳಲ್ಲಿ ಸರಿಹೊಂದುವುದನ್ನು ಆರಿಸಿಕೊಂಡರೆ ಆಯಿತು.

ನರಸಂಧಿಗಳಿಗೆ ಸ್ವಲ್ಪ ಹೊತ್ತಿನ ನೆನಪೂ ಇದೆ. ಒಂದು ಮಿಡಿತ ದಾಟಿದ ಮೇಲೆ ಕೆಲವು ಸಂಧಿಗಳು ನೂರಾರು ಮಿಲಿಸೆಕೆಂಡುಗಳವರೆಗೆ ದಣಿದಿರುತ್ತವೆ, ಕೆಲವು ಹುರುಪುಗೊಂಡಿರುತ್ತವೆ; ಹಾಗಾಗಿ ಎರಡನೆಯ ಸದ್ದು ಬರುವ ಹೊತ್ತಿಗೆ ಜಾಲವು ಮೊದಲಿದ್ದ ಜಾಲವಾಗಿರುವುದಿಲ್ಲ. ಡೀನ್ ಬ್ಯೂನೊಮಾನೊ ಮತ್ತು ಮೈಕೆಲ್ ಮರ್ಜೆನಿಕ್ 1995ರಲ್ಲಿ ಮುಂದಿಟ್ಟ ವಿಚಾರವಿದು. ಬಾವಿಗೆ ಒಂದು ಕಲ್ಲು ಹಾಕಿ, ಅಲೆ ಅಡಗುವ ಮುನ್ನ ಇನ್ನೊಂದು ಹಾಕಿದರೆ ನೀರಿನ ಮೇಲೆ ಏಳುವ ಚಿತ್ತಾರ ಎರಡು ಕಲ್ಲುಗಳ ನಡುವಿನ ಹೊತ್ತನ್ನು ಹೇಗೆ ಹೇಳುತ್ತದೆಯೋ ಹಾಗೆ, ಜಾಲದ ಆ ಕ್ಷಣದ ಸ್ಥಿತಿಯೇ ಕಳೆದ ಹೊತ್ತನ್ನು ಹೇಳುತ್ತದೆ. ಮಾತು, ಲಯಗಳಂಥ ನಿಧಾನದ ವಿನ್ಯಾಸಗಳಿಗೆ ಈ ವಿವರಣೆಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ತಂದೆಯವರು ಬೇರೆಯವರೊಡನೆ ಮಾತನಾಡುತ್ತಿದ್ದರೂ ಹೇಗೆ ತಿಳಿಯುತ್ತದೆ ಎಂಬುದಕ್ಕೆ ಬೇರೆಯೇ ಸಾಕ್ಷ್ಯವಿದೆ. ಫಿನ್ಲೆಂಡಿನ ರಿಸ್ಟೊ ನ್ಯಾಟನೆನ್ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದ ಪ್ರಯೋಗದ ತಿರುಳು ಇಷ್ಟು: ಒಂದೇ ಬಗೆಯ ಸದ್ದು ಮತ್ತೆ ಮತ್ತೆ ಬರುತ್ತಿರುವಾಗ ನಡುವೆ ಒಂದು ಭಿನ್ನವಾಗಿ ಬಂದರೆ, ತಲೆಯ ಮೇಲಿಟ್ಟ ವಿದ್ಯುದ್ವಾರಗಳಲ್ಲಿ ಸುಮಾರು 150ರಿಂದ 200 ಮಿಲಿಸೆಕೆಂಡುಗಳಿಗೆ ಒಂದು ವಿಶಿಷ್ಟ ಅಲೆ ಕಾಣಿಸುತ್ತದೆ. ಕೇಳುಗ ಪುಸ್ತಕ ಓದುತ್ತಿದ್ದು ಸದ್ದಿನ ಕಡೆ ಗಮನವೇ ಕೊಡದಿದ್ದರೂ ಆ ಅಲೆ ಬರುತ್ತದೆ. ಭಿನ್ನವಾದದ್ದು ಸ್ವರವೇ ಆಗಬೇಕೆಂದಿಲ್ಲ. ಹೊತ್ತಿಗಿಂತ ಮೊದಲೇ ಬಂದ ಸದ್ದಿಗೂ ಅದು ಏಳುತ್ತದೆ. ಮೆದುಳಿನ ಶ್ರವಣಭಾಗ ಮುಂದಿನ ಸದ್ದು ಯಾವಾಗ ಬರಬೇಕೆಂದು ಮೊದಲೇ ಸಿದ್ಧವಾಗಿರುತ್ತದೆ. ಸಿದ್ಧತೆಗೂ ಬಂದದ್ದಕ್ಕೂ ಹೊಂದಿಕೆಯಾಗದಿದ್ದಾಗ ಮಾತ್ರ ನಮ್ಮ ಗಮನವನ್ನು ಎಳೆಯುತ್ತದೆ. ನಿಮ್ಮ ತಂದೆಯವರು ಮಗ್ಗದ ಸದ್ದನ್ನು ಕೇಳುತ್ತ ಕುಳಿತಿರುವುದಿಲ್ಲ. ಹರಿದ ಎಳೆಗೆ ಲಾಳಿ ತಡವರಿಸಿ ಸದ್ದು ಹೊತ್ತಿಗೆ ಸರಿಯಾಗಿ ಬಾರದಿದ್ದಾಗ, ಆ ಕೊರತೆಯೇ ಅವರನ್ನು ಮಾತಿನ ನಡುವಿನಿಂದ ಎಬ್ಬಿಸುತ್ತದೆ.

ಇನ್ನು ನಿಮ್ಮ ಭಾವನವರ ವಿಷಯ. ಸಂಬಂಧವಿದೆ ಎಂದೇ ನಾನು ಭಾವಿಸುತ್ತೇನೆ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಂದೇ ಒಂದು ಶ್ರವಣತಂತು ಸೆಕೆಂಡಿಗೆ ಕೆಲವು ನೂರು ಸಲಕ್ಕಿಂತ ಹೆಚ್ಚು ಮಿಡಿಯಲಾರದು. ಸಾವಿರಾರು ಕಂಪನಗಳ ಸದ್ದಿನ ಹೊತ್ತನ್ನು ಹಿಡಿದಿಡುವುದು ಹಲವು ತಂತುಗಳು ಸರದಿಯಂತೆ ಮಿಡಿಯುವುದರಿಂದ ಮಾತ್ರ ಸಾಧ್ಯ. ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ದನಿ ಹಿಡಿದು ಭಜನೆಯ ಮೇಳ ಮುಂದುವರಿಯುವ ಹಾಗೆ. ಮನುಷ್ಯರ ಒಂದು ಕಿವಿಯಿಂದ ಸುಮಾರು 30,000 ತಂತುಗಳು ಹೊರಡುತ್ತವೆ. ಮಂದವಾದ ಶಬ್ದವೊಂದು ಕೇಳಿಸಿತೇ ಇಲ್ಲವೇ ಎಂದು ಹೇಳಲು ಅವುಗಳಲ್ಲಿ ಕೆಲವು ಉಳಿದಿದ್ದರೂ ಸಾಕು, ಮತ್ತು ಸಾಮಾನ್ಯ ಶ್ರವಣ ಪರೀಕ್ಷೆ ಅಳೆಯುವುದು ಅಷ್ಟನ್ನೇ. ಗದ್ದಲದ ನಡುವಿನಿಂದ ಒಂದು ದನಿಯನ್ನು ಬೇರ್ಪಡಿಸಲು ಹೊತ್ತಿನ ನಿಖರತೆ ಬೇಕು, ಅದಕ್ಕೆ ತಂತುಗಳ ಸಂಖ್ಯೆ ಬೇಕು. ಶ್ಯಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಇಲಿಗಳಿಗೆ 100 ಡೆಸಿಬೆಲ್ ಸದ್ದನ್ನು ಎರಡು ಗಂಟೆ ಕೇಳಿಸಿದಾಗ, ಅವುಗಳ ಶ್ರವಣಮಿತಿ, ಅಂದರೆ ಅವುಗಳಿಗೆ ಕೇಳಿಸುವ ಅತಿ ಮಂದ ಸದ್ದಿನ ಮಟ್ಟ, ಎರಡು ವಾರಗಳೊಳಗೆ ಮೊದಲಿನಂತಾಯಿತು. ಆದರೆ ಒಳಗಿವಿಯ ಹೆಚ್ಚಿನ ಸ್ವರದ ಭಾಗದಲ್ಲಿ ರೋಮಕೋಶ (ಸದ್ದಿನ ಕಂಪನವನ್ನು ಗ್ರಹಿಸುವ ಕೋಶ) ಮತ್ತು ತಂತುಗಳ ನಡುವಿನ ಸಂಧಿಗಳು ಅರ್ಧದಷ್ಟು ಶಾಶ್ವತವಾಗಿ ನಾಶವಾಗಿದ್ದವು. ಪರೀಕ್ಷೆಯಲ್ಲಿ ದೋಷವಿಲ್ಲ, ಸಂತೆಯಲ್ಲಿ ಮಾತಿಲ್ಲ ಎಂಬ ನಿಮ್ಮ ಭಾವನವರ ಸ್ಥಿತಿಗೆ ಇದು ಹೊಂದುತ್ತದೆ.

ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆ ಎಂಬುದೊಂದು ಪ್ರತ್ಯೇಕವಾಗಿಯೇ ಇದೆ; ಶ್ರವಣತಜ್ಞರ ಬಳಿ ಅದನ್ನು ಹೆಸರಿಟ್ಟು ಕೇಳಿ ಮಾಡಿಸಿರಿ. ಹೋದ ಸಂಧಿಗಳನ್ನು ಮರಳಿ ಬೆಳೆಸುವ ಮದ್ದು ಸದ್ಯಕ್ಕಿಲ್ಲ, ಆದ್ದರಿಂದ ಉಳಿದವನ್ನು ಕಾಯಬೇಕು. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ವೈದ್ಯರು ಸಾಮಾನ್ಯವಾಗಿ ಹಿಡಿಯುವ ಮಿತಿ. ತೋಳಳತೆಯ ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ ಶೆಡ್ಡು ಆ ಮಿತಿಯನ್ನು ಮೀರಿದೆ ಎಂದೇ ತಿಳಿಯಿರಿ. ಅನೇಕರು ಮಾಡುವಂತೆ ಹತ್ತಿಯನ್ನು ಕಿವಿಗೆ ತುರುಕಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಹಿಸುಕಿ ಒಳಗಿಡುವ ಸ್ಪಂಜಿನ ಇಯರ್‌ಪ್ಲಗ್, ಇಲ್ಲವೇ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ಪ್ಲಗ್ಗನ್ನು ಎಳೆಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅದು ಹಿಗ್ಗುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಇದನ್ನು ಅವರಿಗೆ ನೀವೇ ಒಮ್ಮೆ ಮಾಡಿ ತೋರಿಸಿರಿ; ಶೆಡ್ಡಿನ ಉಳಿದವರಿಗೂ ತೋರಿಸಲು ಅವರಿಗೆ ಹೇಳಿರಿ.